ಬಾಳೆನಾರಿನ ಗಂಟು

ಬೋರಮ್ಮನಿಗೆ ಆ ನಾರುಗಳು ಸಿಕ್ಕಿದ್ದು ತಿಪ್ಪೆಯಲ್ಲಿ. ಬೆಳಗಿನ ಸಗಣಿ ಎತ್ತಿಹಾಕಲು ಹೋದವಳ ಕಣ್ಣಿಗೆ ಒಲೆಬೂದಿಯ ಕೆಳಗಿನಿಂದ ಇಣುಕುತ್ತಿದ್ದ ಬಾಳೆನಾರಿನ ಮುದ್ದೆ ಬಿತ್ತು. ಕಡ್ಡಿಯಿಂದ ಕೆದಕಿದಳು. ಒಂದಲ್ಲ, ಎರಡಲ್ಲ, ಮೂವತ್ತಕ್ಕೂ ಮೇಲೆ ಎಳೆಗಳಿದ್ದವು, ಅಷ್ಟೂ ಅವಳೇ ಗಂಟು ಹಾಕಿದ್ದವು. ಎರಡು ಸುತ್ತು ಸುತ್ತಿ, ತುದಿಯನ್ನು ಮೊದಲ ಸುತ್ತಿನ ಕೆಳಗೆ ತೂರಿಸಿ ಎಳೆಯುವ ಆ ಗಂಟನ್ನು ನೂರು ಗಂಟುಗಳ ನಡುವೆ ಇಟ್ಟರೂ ಅವಳು ಗುರುತು ಹಿಡಿಯಬಲ್ಲಳು. ಗಂಟು ತಾನಾಗಿ ಸಡಿಲಗೊಂಡಿರಲಿಲ್ಲ. ಅದರ ಪಕ್ಕದಲ್ಲೇ ಯಾರೋ ಕತ್ತರಿ ಆಡಿಸಿದ್ದರು. ಕತ್ತರಿಸಿ, ಇಲ್ಲಿಗೆ ತಂದು, ಮೇಲೆ ಬೂದಿ ಮುಚ್ಚಿದ್ದರು.

ಆ ನಾರಿನಲ್ಲಿ ಕಟ್ಟಿದ್ದ ಸೊಪ್ಪು ಒಂದು ಗಂಟೆಯ ಹಿಂದಷ್ಟೇ ಮಗ ಕಾಂತರಾಜುವಿನ ಗೂಡ್ಸ್ ಆಟೋದಲ್ಲಿ ಆರ್‌ಪಿಸಿ ಲೇಔಟಿಗೆ ಹೋಗಿತ್ತು. ಜೊತೆಗೆ ಸೊಸೆ ಚೈತ್ರ ಹೋಗಿದ್ದಳು. ಸೊಪ್ಪು ಅಲ್ಲಿ, ಗಂಟು ಇಲ್ಲಿ. ನಡುವೆ ಏನೋ ನಡೆದಿದೆ ಎಂದು ತಿಳಿಯಲು ಬೋರಮ್ಮ ಇಸ್ಕೂಲಿಗೆ ಹೋಗಿರಬೇಕಾಗಿರಲಿಲ್ಲ. ಬೂದಿಯನ್ನು ಮೊದಲಿದ್ದ ಹಾಗೆಯೇ ಮುಚ್ಚಿ, ಕೈ ತೊಳೆದು, ಏನೂ ಕಾಣದವಳಂತೆ ಒಳಗೆ ಬಂದಳು.

ಬ್ಯಾಡರಹಳ್ಳಿ ದಾಟಿ, ಮಾಗಡಿ ರಸ್ತೆ ಬಿಟ್ಟು ಒಳಕ್ಕೆ ಎರಡು ಮೈಲಿ ಹೋದರೆ ಸಿಗುವ ಊರು ಅವರದು. ಸುತ್ತಲಿನ ಹೊಲಗಳೆಲ್ಲ ಸೈಟುಗಳಾಗಿ ಕಲ್ಲು ನೆಟ್ಟುಕೊಂಡಿದ್ದವು. ಪಕ್ಕದ ಒಂದು ಹೂವಿನ ಹೊಲ, ಬೋರಮ್ಮನ ಹದಿನಾಲ್ಕು ಗುಂಟೆ ಮಾತ್ರ ಹಸಿರಾಗಿದ್ದವು. ಬೋರಮ್ಮನದರಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿ ಪಾತಿ ಪಾತಿಯಾಗಿ ಬರುತ್ತಿದ್ದವು. ಗಂಡ ದೊಡ್ಡಹನುಮಯ್ಯ ನೀರು ಬಿಡುತ್ತಿದ್ದ. ಅದು ಬಿಟ್ಟರೆ ಆತನಿಗೆ ಅರಳಿಕಟ್ಟೆಯೇ ಆಫೀಸು. ಬಿತ್ತುವುದು, ಕಳೆ ಕೀಳುವುದು, ಕೊಯ್ಯುವುದು, ಮಾರುವುದು ಎಲ್ಲಾ ಬೋರಮ್ಮನದೇ.

ಆರ್‌ಪಿಸಿ ಲೇಔಟಿನಲ್ಲಿ ಅವಳಿಗೆ ಇಪ್ಪತ್ತೆರಡು ವರ್ತನೆಯ ಮನೆಗಳಿದ್ದವು. ವರ್ತನೆ ಎಂದರೆ ಬರೀ ಗಿರಾಕಿ ಅಲ್ಲ. ಹದಿನೆಂಟು ವರ್ಷ, ಮೊದಲ ಬಸ್ಸು ಹತ್ತಿ, ವಿಜಯನಗರದಲ್ಲಿ ಇಳಿದು, ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಮಂಕರಿ ಹೊತ್ತು ಅವಳು ಆ ಬೀದಿಗಳನ್ನು ಸುತ್ತಿದ್ದಳು. ಯಾವ ಮನೆಯಲ್ಲಿ ಸಕ್ಕರೆ ಕಾಯಿಲೆ, ಯಾವ ಮನೆಗೆ ಮೆಂತ್ಯ ಹೆಚ್ಚು ಬೇಕು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಅವಳಿಗೆ ಸಬ್ಬಸಿಗೆ ಎಷ್ಟು ದಿನ ಬೇಕು, ಎಲ್ಲಾ ಬಾಯಿಪಾಠ. ಕಟ್ಟಿನ ಮೇಲೆ ಕೊಸರಿಗೆ ಒಂದು ಹಿಡಿ ಕೊತ್ತಂಬರಿ ಹಾಕದೆ ಗೇಟು ಬಿಡುತ್ತಿರಲಿಲ್ಲ. ಗೌರಿಹಬ್ಬಕ್ಕೆ ಆ ಮನೆಗಳಿಂದಲೇ ಅವಳಿಗೆ ಸೀರೆ ಬರುತ್ತಿತ್ತು. ಮಗನ ಸಂಪಾದನೆ ಮನೆಗೆ, ಆ ಇಪ್ಪತ್ತೆರಡು ಮನೆ ತನಗೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಕೈಯಲ್ಲಿ ಕಾಸು ಇಲ್ಲದ ಅತ್ತೆಯ ಮಾತನ್ನು ಮನೆಯ ಬೆಕ್ಕೂ ಕೇಳುವುದಿಲ್ಲ ಎಂದು ಅವಳಿಗೆ ತನ್ನ ಅತ್ತೆಯನ್ನು ನೋಡಿಯೇ ಗೊತ್ತಿತ್ತು.

ಕೊರೊನಾ ಬಂದ ವರ್ಷ, ಯುಗಾದಿಯ ಹಿಂದಿನ ದಿನ ಎಲ್ಲಾ ನಿಂತುಹೋಯಿತು. ಬಸ್ಸಿಲ್ಲ, ಬೀದಿಗೆ ಇಳಿದರೆ ಪೊಲೀಸರ ಲಾಠಿ. ಹಬ್ಬಕ್ಕೆಂದು ಬಂದಿದ್ದ ಕೊತ್ತಂಬರಿ ಪಾತಿಯಲ್ಲೇ ಹೂ ಬಿಟ್ಟಿತು. ಪಾಲಕನ್ನು ಹಸು ತಿಂದು ತಿಂದು ಕೊನೆಗೆ ಅದೂ ಮುಖ ತಿರುಗಿಸಿತು. ಪಕ್ಕದ ಹೊಲವನ್ನು ವಾರಕ್ಕೆ, ಅರ್ಧ ಪಾಲಿನ ಮೇಲೆ, ಮಾಡುತ್ತಿದ್ದ ಲಕ್ಷ್ಮಿಯ ಗತಿ ಇನ್ನೂ ಕಡೆ. ಅವಳದು ಕನಕಾಂಬರ. ದೇವಸ್ಥಾನ ಬಾಗಿಲು ಹಾಕಿತ್ತು, ಮದುವೆಗಳು ಮುಂದಕ್ಕೆ ಹೋಗಿದ್ದವು, ಕೊಳ್ಳುವವರು ಯಾರು? ಒಂದು ವಾರ ಹೂ ಬಿಡಿಸಿ ಬಿಡಿಸಿ ಬದುವಿನ ಮೇಲೆ ಸುರಿದಳು, ಆಮೇಲೆ ಗಿಡವನ್ನೇ ಕಿತ್ತಳು. ಕೆಲಸವಿಲ್ಲದ ಲಕ್ಷ್ಮಿ ಬೋರಮ್ಮನ ಬದುವಿನ ಮೇಲೆ ಬಂದು ಕೂತು ಮಾತಾಡತೊಡಗಿದಳು. ಹೂವು ಹೋದ ಮೇಲೆ ಅವಳಿಗೆ ಮಾತೇ ಬೆಳೆಯಾಗಿತ್ತು.

ಚೈತ್ರ ಸುಂಕದಕಟ್ಟೆಯ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂರುತ್ತಿದ್ದವಳು. ಅದೂ ಮುಚ್ಚಿತ್ತು. ಅತ್ತೆ ಪಾತಿಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ನೋಡಿ, ವಾಟ್ಸಾಪಿನಲ್ಲಿ ಗ್ರೂಪು ಮಾಡೋಣ, ಆರ್ಡರು ತೊಗೊಂಡು ಆಟೋದಲ್ಲಿ ಮುಟ್ಟಿಸೋಣ ಎಂದು ಹೇಳಿದವಳು ಅವಳೇ. ಕಾಂತರಾಜು ಓಡಾಡಿ ತರಕಾರಿ ಸಾಗಿಸುವ ಪಾಸು ಮಾಡಿಸಿಕೊಂಡ. ಬೋರಮ್ಮ ತನ್ನ ಬಟನ್ ಫೋನನ್ನು ಸೊಸೆಯ ಕೈಗೆ ಕೊಟ್ಟಳು. ಚೈತ್ರ ಅದರಲ್ಲಿದ್ದ ಇಪ್ಪತ್ತೆರಡು ನಂಬರುಗಳನ್ನು ಒಂದೊಂದಾಗಿ ತನ್ನ ಫೋನಿಗೆ ಹಾಕಿಕೊಂಡಳು. ಮೂರು ವಾರ ಸೊಪ್ಪು ಬಿಸಿ ದೋಸೆಯಂತೆ ಖರ್ಚಾಯಿತು.

ಮೇ ತಿಂಗಳ ಮೊದಲಲ್ಲಿ ಒಂದು ಬೆಳಗ್ಗೆ ಚೈತ್ರ ಫೋನು ಹಿಡಿದುಕೊಂಡು ತೋಟಕ್ಕೆ ಬಂದಳು. ಸುಮ್ಮನೆ ಕೆಲಸ ಮಾಡುತ್ತಿರಿ, ವಿಡಿಯೋ ತೆಗೆದು ಗ್ರೂಪಿಗೆ ಹಾಕುತ್ತೇನೆ, ತೋಟದಿಂದ ನೇರ ಎಂದು ಜನಕ್ಕೆ ಕಾಣಲಿ ಎಂದಳು. ಬೋರಮ್ಮ ಸೆರಗು ಸರಿಮಾಡಿಕೊಂಡಳು, ತಲೆ ಸವರಿಕೊಂಡಳು, ಸುಮ್ಮನೆ ಮಾತ್ರ ಇರಲಿಲ್ಲ. ದಿನಕ್ಕಿಂತ ಎರಡರಷ್ಟು ಚುರುಕಾಗಿ ಕುಡುಗೋಲು ಆಡಿಸಿದಳು. ಎಡಗೈಯಲ್ಲಿ ದಂಟಿನ ಕಟ್ಟು, ನೆನೆಸಿದ ನಾರಿನ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಬಲಗೈಯಲ್ಲಿ. ಸುತ್ತಿದಳು, ತೂರಿಸಿದಳು, ಎಳೆದಳು. ಕಣ್ಣು ಮಿಟುಕಿಸುವುದರೊಳಗೆ ಕಟ್ಟು ಪಕ್ಕಕ್ಕೆ ಬೀಳುತ್ತಿತ್ತು. ಅವಳ ಅವ್ವ ಕಟ್ಟುತ್ತಿದ್ದುದೂ ಹಾಗೆಯೇ, ಲಕ್ಷ್ಮಿ ಹೂ ಕಟ್ಟುವುದೂ ಹಾಗೆಯೇ. ಚೈತ್ರ ನೋಡಿ ಖುಷಿಪಟ್ಟು ಅಲ್ಲೇ ಬದುವಿನ ಮೇಲಿಂದ ವಿಡಿಯೋ ಕಳಿಸಿದಳು. ಅತ್ತೆ ಸೊಸೆ ಸೇರಿ ನಕ್ಕದ್ದು ಅದೇ ಕೊನೆ.

ಮರುದಿನದಿಂದ ಮನೆಯ ಗಾಳಿಯೇ ಬದಲಾಯಿತು. ಬೋರಮ್ಮ ಅಡುಗೆಮನೆಗೆ ಕಾಲಿಟ್ಟರೆ ಚೈತ್ರ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಇವತ್ತು ಎಷ್ಟು ಮನೆ ಎಂದರೆ ಎಲ್ಲಾ ಮನೆಯೂ ಎನ್ನುತ್ತಿದ್ದಳು. ಆದರೆ ಊಟಕ್ಕೆ ದಿನಾ ಸೊಪ್ಪು. ಸೋಮವಾರ ದಂಟಿನ ಬಸ್ಸಾರು, ಮಂಗಳವಾರ ಮಸ್ಸೊಪ್ಪು, ಬುಧವಾರ ಮತ್ತೆ ಬಸ್ಸಾರು. ದೊಡ್ಡಹನುಮಯ್ಯ ತಟ್ಟೆ ನೋಡಿ, ನಾನೂ ನಮ್ಮ ಹಸುವೂ ಇನ್ನು ಒಂದೇ ಗೋದಲಿಯಲ್ಲಿ ಉಂಡರಾಯಿತು ಎಂದ. ಯಾರೂ ನಗಲಿಲ್ಲ. ಎಲ್ಲಾ ಮಾರಿ ಬಂದವರ ಮನೆಯಲ್ಲಿ ಇಷ್ಟು ಸೊಪ್ಪು ಎಲ್ಲಿಂದ ಬರುತ್ತದೆ ಎಂದು ಬೋರಮ್ಮ ಮುದ್ದೆ ಮುರಿಯುತ್ತಾ ಯೋಚಿಸಿದಳು. ಕೇಳಿದಾಗ ಚೈತ್ರ, ಮಿಕ್ಕಿದ್ದು ಅತ್ತೆ, ಎಂದಷ್ಟೇ ಹೇಳಿ ಸೌಟು ತೊಳೆಯಲು ಎದ್ದಳು.

ಈಗ ತಿಪ್ಪೆಯಲ್ಲಿ ನಾರು ಸಿಕ್ಕ ಮೇಲೆ ಉತ್ತರವೂ ಸಿಕ್ಕಿತು. ಬದುವಿನ ಮೇಲೆ ಕೂತಿದ್ದ ಲಕ್ಷ್ಮಿಗೆ ಹೇಳಿದಾಗ ಅವಳು ಒಂದು ಕ್ಷಣವೂ ತಡಮಾಡಲಿಲ್ಲ.

"ಬೋರಕ್ಕ, ಕಟ್ಟು ಬಿಚ್ಚಿ ಎರಡನ್ನ ಮೂರು ಮಾಡ್ತಾವ್ಳೆ ಕಣಕ್ಕ. ಮಿಕ್ಕಿದ್ದು ನಿಮ್ಮನೆ ಸಾರಿಗೆ, ಮೂರನೇ ಕಟ್ಟಿನ ದುಡ್ಡು ಅವಳ ಬ್ಲೌಸಿಗೆ."

ದುಡ್ಡಿಗಿಂತ ಬೋರಮ್ಮನಿಗೆ ಉರಿದದ್ದು ಕಟ್ಟು ತೆಳ್ಳಗಾಗುವುದು. ಬೋರಮ್ಮನ ಕಟ್ಟು ಎಂದರೆ ಹಿಡಿ ತುಂಬುವ ಕಟ್ಟು ಎಂದು ಇಪ್ಪತ್ತೆರಡು ಮನೆಗೂ ಗೊತ್ತು. ತೆಳ್ಳಗಿನ ಕಟ್ಟು ಅವಳ ಹೆಸರಿನಲ್ಲಿ ಆ ಗೇಟುಗಳಿಗೆ ಹೋದರೆ ಹದಿನೆಂಟು ವರ್ಷದ ಮಾತು ನೀರಿಗೆ ಬಿದ್ದಂತೆ. ಗಾರ್ಮೆಂಟ್ಸು ಮತ್ತೆ ಶುರುವಾಗಿ ಸೂಪರ್‌ವೈಸರು ಎರಡು ಸಲ ಫೋನು ಮಾಡಿದರೂ ಚೈತ್ರ ಹೋಗಲಿಲ್ಲ, ಇಲ್ಲೇ ಕೆಲಸವಿದೆ ಎಂದಳು. ಇಲ್ಲಿ ಎಂಥ ಕೆಲಸ? ನಂಬರು ಅವಳ ಫೋನಿನಲ್ಲಿ, ಮನೆಗಳೂ ಅವಳವೇ ಆಗಿಬಿಟ್ಟವಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವುದು ನಿಜ, ಆದರೆ ಈ ಸೊಸೆಗೆ ತನ್ನ ಕಾಲ ಬರುವವರೆಗೂ ಕಾಯುವ ಪುರುಸೊತ್ತಿಲ್ಲ ಎಂದುಕೊಂಡಳು ಬೋರಮ್ಮ.

ಮಾರನೆಯ ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲೇ ಎದ್ದು ಹುಲ್ಲಿನ ಬಣವೆಯ ಮರೆಯಲ್ಲಿ ನಿಂತಳು. ಚೈತ್ರ ಆಟೋದ ಹಿಂಬದಿಯಲ್ಲಿ ಕೂತಿದ್ದಳು. ಬಾಯಿಗೆ ಮಾಸ್ಕು, ಕೈಯಲ್ಲಿ ಗಾರ್ಮೆಂಟ್ಸಿನಿಂದ ತಂದಿದ್ದ ದಾರ ಕತ್ತರಿಸುವ ಪುಟ್ಟ ಕತ್ತರಿ, ಪಕ್ಕದಲ್ಲಿ ಒಂದು ಬಕೆಟ್ಟು ನೀರು. ಬೋರಮ್ಮ ಕಟ್ಟಿದ್ದ ಗಂಟುಗಳನ್ನು ಕಚ್ ಕಚ್ ಎಂದು ಕತ್ತರಿಸುವುದು, ಸೊಪ್ಪನ್ನು ನೀರಿನಲ್ಲಿ ಅದ್ದಿ ಕೊಡವುವುದು, ರಬ್ಬರ್ ಬ್ಯಾಂಡು ಹಾಕುವುದು. ಕಾಂತರಾಜು ಮುಂದೆ ನಿಂತು ಗಾಜು ಒರೆಸುತ್ತಿದ್ದ. ಅಂದರೆ ಮಗನಿಗೂ ಗೊತ್ತು.

ಬೋರಮ್ಮ ಮರೆಯಿಂದ ಈಚೆ ಬಂದು ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ಚೈತ್ರಳ ಕೈಯಿಂದ ಕತ್ತರಿ ಜಾರಿತು.

"ದಾರೀಲಿ ಗಂಟು ಬಿಚ್ಕೊಳ್ತವೆ ಅತ್ತೆ. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕ್ತಾ ಇದೀನಿ."

"ನನ್ನ ಗಂಟು ಬಿಚ್ಕೊಳ್ಳುತ್ತಾ?"

ಚೈತ್ರ ಇನ್ನೊಂದು ಕಟ್ಟನ್ನು ನೀರಿಗೆ ಅದ್ದಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಆ ಕಣ್ಣು ಬಕೆಟ್ಟಿನ ಕಡೆಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದು ಬೋರಮ್ಮ ಗೊಣಗಿದಳು. ಹದಿನೆಂಟು ವರ್ಷದಲ್ಲಿ ಬಸ್ಸಿನಲ್ಲಿ, ಮಳೆಯಲ್ಲಿ, ಜನರ ನೂಕಾಟದಲ್ಲಿ ಬಿಚ್ಚಿಕೊಳ್ಳದ ಗಂಟು ಮಗನ ಆಟೋದಲ್ಲಿ ಬಿಚ್ಚಿಕೊಳ್ಳುತ್ತದೆಯೇ? ಕಾಂತರಾಜು, ಹೊತ್ತಾಯ್ತು ಅವ್ವ ಎಂದು ಗಾಡಿ ಹತ್ತಿದ. ಆಟೋ ಹೊರಟ ಮೇಲೆ ಬೋರಮ್ಮನ ಕಾಲ ಬಳಿ ನಾಲ್ಕು ನಾರು ಬಿದ್ದಿದ್ದವು. ಅವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಜೂನಿನ ಹೊತ್ತಿಗೆ ಬಸ್ಸುಗಳು ಓಡತೊಡಗಿದ್ದವು. ಯಾರಿಗೂ ಹೇಳದೆ ಬೋರಮ್ಮ ಒಂದು ದಿನ ಮಂಕರಿ ತುಂಬಿಕೊಂಡು ಬಸ್ಸು ಹತ್ತಿದಳು. ತನ್ನ ಮನೆಗಳನ್ನು ತಾನೇ ಕಣ್ಣಾರೆ ನೋಡಬೇಕು, ಸೊಸೆ ಎಷ್ಟು ಕೆಡಿಸಿದ್ದಾಳೆ ತಿಳಿಯಬೇಕು. ಮೊದಲನೆಯ ಮನೆಯವರು ಮಹಡಿಯಿಂದಲೇ ಕೈಯಾಡಿಸಿ, ಬೇಡ, ಆನ್‌ಲೈನಿನಲ್ಲಿ ತರಿಸುತ್ತೇವೆ ಎಂದರು. ಎರಡನೆಯ ಮನೆಯ ಹೆಂಗಸು ಕಿಟಕಿಯಿಂದ, ಹುಷಾರಾಯಿತೇ, ಎಷ್ಟು ದಿನವಾಯಿತು ಎಂದು ಕೇಳಿ, ಉತ್ತರ ಬರುವ ಮೊದಲೇ ಕಿಟಕಿ ಎಳೆದುಕೊಂಡರು. ಬೋರಮ್ಮನಿಗೆ ಅರ್ಥವಾಗಲಿಲ್ಲ. ನಾಲ್ಕನೆಯ ಗೇಟು ಶಾಂತವ್ವನದು. ರಾಣೆಬೆನ್ನೂರಿನ ಕಡೆಯವರು, ಮಗನ ನೌಕರಿಗೆಂದು ಬಂದು ಇಲ್ಲೇ ನೆಲೆಯಾದವರು. ಮೆಂತ್ಯವನ್ನು ಹಸಿಯಾಗಿ ರೊಟ್ಟಿಯ ಜೊತೆ ತಿನ್ನುವವರು ಎಂದು ಬೋರಮ್ಮ ಹದಿನೈದು ವರ್ಷದಿಂದ ಅವರಿಗೆ ಎಳೆಯದನ್ನೇ ಆರಿಸಿ ಇಡುತ್ತಿದ್ದಳು. ಶಾಂತವ್ವ ವರಾಂಡದ ಕುರ್ಚಿಯಿಂದ ಏಳಲಿಲ್ಲ.

"ಬೋರವ್ವ, ನಿನಗ ಆರಾಮಿಲ್ಲಂತಲ್ಲ. ನಿನ್ನ ಸೊಸಿನ ಹೇಳಿದ್ಲು. ಮನ್ಯಾಗ ಮಲಗೂದು ಬಿಟ್ಟು ಯಾಕ ಬಂದಿ ನೀನು?"

ಆ ದಿನಗಳಲ್ಲಿ ಹುಷಾರಿಲ್ಲ ಎಂದರೆ ನೆಗಡಿಯೂ ಅಲ್ಲ, ಮಂಡಿನೋವೂ ಅಲ್ಲ, ಒಂದೇ ರೋಗ. ಬೋರಮ್ಮ ಮಂಕರಿಯನ್ನು ಇಳಿಸಿದ್ದವಳು ಮತ್ತೆ ಹೊತ್ತುಕೊಂಡಳು. ಉಳಿದ ಮನೆಗಳಿಗೆ ಹೋಗದೆ ಬಸ್ಸಿನ ಕಡೆ ತಿರುಗಿದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗಿಯೇ ಉಳಿಯಿತು. ದೂರ ದೂರ ಕೂರಬೇಕೆಂದು ಸೀಟಿನ ಮೇಲೆ ಗುರುತು ಹಾಕಿದ್ದರೆಂಬುದು ಅವಳ ತಲೆಗೆ ಹೋಗಲಿಲ್ಲ. ಕಂಡಕ್ಟರಿಗೂ ಚೈತ್ರಳೇ ಹೇಳಿರಬೇಕು ಎನ್ನಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲಾ ಹಳದಿ.

ಆ ಸಂಜೆ ಊಟಕ್ಕೆ ಕೂತಾಗ ಮಾತು ಸಿಡಿಯಿತು. ಬೋರಮ್ಮ ತುಂಬಿದ ಮಂಕರಿಯನ್ನು ತಂದು ತಟ್ಟೆಗಳ ನಡುವೆ ಕುಕ್ಕಿದಳು. ನಾರು ಕತ್ತರಿಸಿದ್ದು, ಕಟ್ಟು ತೆಳ್ಳಗೆ ಮಾಡಿದ್ದು, ಸಾರಿಗೆ ಕದ್ದ ಸೊಪ್ಪು, ಎಲ್ಲವನ್ನೂ ಒಂದೊಂದಾಗಿ ಆಡಿ, ಕಳ್ಳಿ ಎಂದು ಬೈದು, ಕೊನೆಯದನ್ನು ಕೊನೆಗೇ ಹೇಳಿದಳು.

"ಗುಂಡುಕಲ್ಲಿನಂಗೆ ಇದೀನಿ ನಾನು. ನನ್ನ ಮನೆಗಳಿಗೆ ಹೋಗಿ ನನಗೆ ರೋಗ ಅಂತ ಹೇಳಿದ್ಯಲ್ಲಮ್ಮ, ಹೇಳಿದ್ಯೋ ಇಲ್ವೋ?"

"ಹೇಳ್ದೆ ಅತ್ತೆ."

ಇಲ್ಲ ಎನ್ನುತ್ತಾಳೆ, ಅಳುತ್ತಾಳೆ, ಆಣೆ ಇಡುತ್ತಾಳೆ ಎಂದು ಕಾದಿದ್ದ ಬೋರಮ್ಮ ನೆಲಕ್ಕೆ ಕೂತಳು. ಯಾಕೆ ಎಂದು ಕೇಳಿದಳು. ಚೈತ್ರ ನೆಲಕ್ಕೆ ಚೆಲ್ಲಿದ್ದ ಸಾರನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಕಾಂತರಾಜು ತಟ್ಟೆ ದೂಡಿ, ಅವ್ವ, ಈ ವಿಷಯ ಬಿಟ್ಬಿಡು, ನಿನಗೆ ಗೊತ್ತಾಗಲ್ಲ ಎಂದ. ಗೊತ್ತಾಗಲ್ಲ ಎಂದ ಮೇಲೆ ಗೊತ್ತು ಮಾಡಿಕೊಳ್ಳುವುದು ಏನಿದೆ? ದೊಡ್ಡಹನುಮಯ್ಯ ಎಲ್ಲರ ಮುಖವನ್ನೂ ನೋಡಿ, ಇನ್ನೊಂದು ಸೌಟು ಸಾರು ಬಿಡಿ ಎಂದ. ಅವನಿಗೆ ಯಾರೂ ಬಡಿಸಲಿಲ್ಲ.

ಮರುದಿನ ಬೋರಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಮಾಡಿದಳು. ತನ್ನ ಹಿಟ್ಟು, ತನ್ನ ಮಡಕೆ, ತನ್ನ ಸೌದೆ. ತೋಟದ ಕಡೆ ಸೊಸೆ ಕಾಲಿಡಕೂಡದು ಎಂದು ಅಪ್ಪಣೆಯಾಯಿತು. ಸೊಪ್ಪಿಲ್ಲದ ಆಟೋ ಅಂಗಳದಲ್ಲೇ ನಿಂತಿತು. ಕಾಂತರಾಜು ಬಾಡಿಗೆ ಹುಡುಕಿಕೊಂಡು ಬ್ಯಾಡರಹಳ್ಳಿ ಸರ್ಕಲ್ಲಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದ. ದೊಡ್ಡಹನುಮಯ್ಯ ಎರಡು ಒಲೆಯನ್ನೂ ಮೂಸಿ ನೋಡಿ, ಯಾವುದರಲ್ಲಿ ವಾಸನೆ ಚೆನ್ನಾಗಿದೆಯೋ ಅಲ್ಲಿಗೆ ತಟ್ಟೆ ಒಯ್ಯುತ್ತಿದ್ದ. ಎಂಟು ವರ್ಷದ ಮೊಮ್ಮಗಳು ದಿವ್ಯ ಮಾತ್ರ ಎರಡೂ ಕಡೆ ಉಣ್ಣುತ್ತಿದ್ದಳು. ಅಮ್ಮನ ಬಟ್ಟಲಿನಿಂದ ಒಂದು ಗುಟುಕು ಕುಡಿದು ಅದೇ ಬಟ್ಟಲನ್ನು ಅಜ್ಜಿಯ ಮುಂದೆ ಇಟ್ಟರೆ ಬೋರಮ್ಮ ಬೈಯುತ್ತಿದ್ದಳು. "ಎಂಜಲು ಮಾಡಿದ್ದನ್ನ ಹಿರೀಕರಿಗೆ ಕೊಡ್ತಾರೇನೇ? ಎತ್ತಿ ಕುಡಿಯೋದು ಯಾವಾಗ ಕಲೀತೀಯ?" ಎಂಜಲು ಮುಸುರೆಯ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು. ಆ ಮನೆಯಲ್ಲಿ ಲೋಟ ತುಟಿಗೆ ತಾಗಿಸಿ ನೀರು ಕುಡಿದವರಿಲ್ಲ.

ಹತ್ತು ದಿನವಾಗುವಷ್ಟರಲ್ಲಿ ದಂಟು ಮೊಣಕಾಲುದ್ದ ಬೆಳೆದು ನಾರಾಯಿತು. ಇನ್ನು ನಾಲ್ಕು ದಿನ ಬಿಟ್ಟರೆ ಮೆಂತ್ಯವೂ ಹೋಗುತ್ತದೆ. ಬೋರಮ್ಮ ಲಕ್ಷ್ಮಿಯನ್ನು ಕೂಡಿಸಿಕೊಂಡು ಆಲೋಚನೆ ಮಾಡಿದಳು. ರೋಗವೆಂದು ಹೇಳಿದ್ದಾಳೆ ತಾನೇ, ರೋಗವಿಲ್ಲ ಎಂದು ಬೀದಿಯ ಜನರೆಲ್ಲ ಕಣ್ಣಾರೆ ನೋಡಲಿ. ಮನೆಯಲ್ಲಿ ಕಟ್ಟಿಕೊಂಡು ಹೋಗುವುದು ಬೇಡ, ಅಲ್ಲೇ ಕೂತು, ಎಲ್ಲರ ಎದುರಿಗೆ ಕಟ್ಟುವುದು. ಈ ಕೈ ಹೀಗೆ ಓಡುವುದನ್ನು ನೋಡಿದ ಮೇಲೂ ರೋಗಿ ಎನ್ನುವವರು ಯಾರು?

ಶಾಂತವ್ವನ ಮನೆಯ ಎದುರಿನ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ ಕೂತಳು. ಬಿಡಿ ಸೊಪ್ಪನ್ನು ಸುರಿದುಕೊಂಡಳು. ಪಾತ್ರೆಯಲ್ಲಿ ನೆನೆಸಿ ತಂದಿದ್ದ ನಾರು ಪಕ್ಕದಲ್ಲಿಟ್ಟಳು. ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು, ಸೊಪ್ಪಮ್ಮೋ ಸೊಪ್ಪು ಎಂದು ಮೂರು ತಿಂಗಳಿಂದ ಕೂಗದ ಗಂಟಲು ಬಿಚ್ಚಿ ಕೂಗಿದಳು. ಮಹಡಿಗಳಲ್ಲಿ ಬಾಗಿಲು ತೆರೆದವು. ಬೋರಮ್ಮ ತಲೆಯೆತ್ತದೆ ಕಟ್ಟತೊಡಗಿದಳು. ತುದಿ ಹಲ್ಲಿಗೆ, ಸುತ್ತು, ತೂರಿಸು, ಎಳೆ. ಹತ್ತು ಕಟ್ಟಾದ ಮೇಲೆ ತಲೆಯೆತ್ತಿ ನೋಡಿದರೆ ತೆರೆದಿದ್ದ ಬಾಗಿಲುಗಳು ಮುಚ್ಚಿದ್ದವು. ಎದುರು ಮನೆಯ ಗಂಡಸೊಬ್ಬರು ಮಾತ್ರ ಬಾಲ್ಕನಿಯಲ್ಲಿ ನಿಂತು ಅವಳ ಕಡೆ ಫೋನು ಹಿಡಿದಿದ್ದರು.

ಶಾಂತವ್ವನ ಸೊಸೆ ಸೌಮ್ಯಶ್ರೀ ಗೇಟಿನ ತನಕ ಬಂದಳು. ಬ್ಯಾಂಕಿನ ಕೆಲಸದವಳು, ಮಾತು ಮೆತ್ತಗೆ.

"ಅಜ್ಜಿ, ಅದನ್ನ ಬಾಯಾಗ ಹಿಡೀಬ್ಯಾಡ್ರಿ."

"ಯಾವ್ದನ್ನಮ್ಮ?"

"ಆ ನಾರು. ಮಂದಿ ಅದನ್ನ ನೋಡೇ ಬ್ಯಾಡ ಅಂದದ್ದು. ನಿಮ್ಮ ಸೊಸಿ ಹೇಳಿಲ್ಲೇನು?"

ಬೋರಮ್ಮ ಬಾಯಲ್ಲಿದ್ದ ನಾರನ್ನು ತೆಗೆದು ನೋಡಿದಳು. ಅದು ನಾರಿನ ಹಾಗೆಯೇ ಇತ್ತು. ಸೌಮ್ಯಶ್ರೀ ಒಳಗೆ ಹೋಗಿ ಫೋನು ತಂದು, ಗೇಟಿನ ಸರಳಿನ ನಡುವೆ ಹಿಡಿದು ತೋರಿಸಿದಳು. ಗ್ರೂಪಿನಲ್ಲಿ ಅಳಿಸಿದ್ದರೂ ಅವಳ ಫೋನಿನಲ್ಲಿ ಉಳಿದಿದ್ದ ವಿಡಿಯೋದಲ್ಲಿ ಬೋರಮ್ಮನೇ ಇದ್ದಳು. ಮೇ ತಿಂಗಳ ಬೆಳಗು, ಸರಿಮಾಡಿಕೊಂಡ ಸೆರಗು, ಓಡುವ ಕೈ, ಹಲ್ಲಿನಲ್ಲಿ ನಾರು. ಗ್ರೂಪಿನಲ್ಲಿ ಜನ ಬರೆದದ್ದನ್ನು ಸೌಮ್ಯಶ್ರೀ ಓದಲು ಹಿಂಜರಿದಳು. ಓದು ತಾಯಿ ಎಂದು ಬೋರಮ್ಮ ಕೇಳಿಕೊಂಡಳು. ಇಂಥ ಕಾಲದಲ್ಲಿ ಬಾಯಿಂದ ಕಟ್ಟುತ್ತಾರಲ್ಲ ಎಂದು ಒಬ್ಬರು ಬರೆದಿದ್ದರು. ನಮ್ಮ ಮನೆಗೆ ನಾಳೆಯಿಂದ ಬೇಡ ಎಂದು ಇನ್ನೊಬ್ಬರು. ಇಷ್ಟು ವರ್ಷ ನಾವು ಎಂಜಲು ಸೊಪ್ಪು ತಿಂದೆವಲ್ಲ ಎಂದು ಮತ್ತೊಬ್ಬರು. ಬರೆದವರ ಹೆಸರು ಕೇಳಿದಾಗ, ಅದು ಬಾಣಂತಿಗೆ ಅವಳು ಮೂರು ತಿಂಗಳು ಸಬ್ಬಸಿಗೆ ಕೊಟ್ಟ ಮನೆ.

ಎಂಜಲು. ಬೋರಮ್ಮನ ಕಿವಿಯಲ್ಲಿ ಆ ಮಾತು ಕೂತುಬಿಟ್ಟಿತು. ಮೊಮ್ಮಗಳು ಕುಡಿದ ಬಟ್ಟಲನ್ನು ಮುಟ್ಟದವಳು ಅವಳು. ಹಲ್ಲಿಗೆ ಹಿಡಿದ ನಾರು ಎಂಜಲು ಎಂದು ಅವಳಿಗೆ ಹೊಳೆದಿರಲಿಲ್ಲ, ಅವಳ ಅವ್ವನಿಗೂ ಹೊಳೆದಿರಲಿಲ್ಲ, ವಿಡಿಯೋ ತೆಗೆದ ಚೈತ್ರಳಿಗೂ ಹೊಳೆದಿರಲಿಲ್ಲ. ಆ ಕೆಲಸಕ್ಕೆ ಎರಡು ಕೈ ಸಾಲದು, ಮೂರನೆಯದು ಬಾಯಿ, ಅಷ್ಟೇ.

ಇನ್ನೂ ಒಂದು ಇದೆ ಎಂದು ಸೌಮ್ಯಶ್ರೀ ಫೋನನ್ನು ಒತ್ತಿದಳು. ಚೈತ್ರಳ ದನಿ ಬಂತು, ಓಡಿ ಬಂದವಳ ಹಾಗೆ ಏದುಸಿರು. "ಆಂಟಿ, ದಯವಿಟ್ಟು ಯಾರೂ ಏನೂ ಬರೀಬೇ‍ಡಿ. ವಿಡಿಯೋ ಹಾಕಿದ್ದು ನಂದೇ ತಪ್ಪು, ತೆಗೆದುಬಿಟ್ಟೆ. ಅತ್ತೆಗೆ ಹುಷಾರಿಲ್ಲ, ಇನ್ಮೇಲೆ ಅವರು ಕಟ್ಟಲ್ಲ. ನಾನೇ ಮಾಸ್ಕ್ ಹಾಕ್ಕೊಂಡು, ಉಪ್ಪುನೀರಲ್ಲಿ ತೊಳ್ದು ಕಟ್ತೀನಿ. ನಮ್ಮ ಸೊಪ್ಪು ಮಾತ್ರ ಬಿಡಬೇಡಿ ಆಂಟಿ. ಅವರಿಗೆ ನಿಮ್ಮ ಮನೆಗಳು ಅಂದ್ರೆ ಜೀವ."

ವರಾಂಡದಿಂದ ಶಾಂತವ್ವ, ಬೋರವ್ವ, ನೀರು ಕುಡೀತಿಯೇನು ಎಂದು ಕೇಳಿದರು. ಬೋರಮ್ಮ ಬೇಡವೆಂದು ತಲೆಯಾಡಿಸಿದಳು. ಕಟ್ಟಿದ್ದ ಹತ್ತು ಕಟ್ಟನ್ನೂ ಬಿಡಿ ಸೊಪ್ಪಿನ ಜೊತೆಗೇ ಮಂಕರಿಗೆ ಹಾಕಿಕೊಂಡು, ಬಿದ್ದ ನಾರುಗಳನ್ನು ಒಂದೂ ಬಿಡದೆ ಆರಿಸಿಕೊಂಡು, ಮಾಸ್ಕನ್ನು ಮೂಗಿನ ತನಕ ಏರಿಸಿ ಎದ್ದಳು. ನಾಚಿಕೆಯಿಂದ ಅವಳ ಮೈ ಕಾದಿತ್ತು. ಆ ಬೀದಿಯ ಮೇಲೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮುಂಚೆ ಸೊಸೆಯನ್ನು ತಟ್ಟೆಗಳ ಮುಂದೆ ಕಳ್ಳಿ ಎಂದದ್ದು ನೆನಪಾಯಿತು.

ಮನೆಗೆ ಬಂದಾಗ ಚೈತ್ರ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಬೋರಮ್ಮ ಮಂಕರಿ ಇಳಿಸಿ, ತನ್ನ ಒಲೆಯ ಮೂರು ಕಲ್ಲನ್ನೂ ಒಂದೊಂದಾಗಿ ಎತ್ತಿ ಬೇಲಿಯ ಆಚೆಗೆ ಎಸೆದಳು. ಮೂರನೆಯ ಕಲ್ಲು ಬೀಳುವ ಹೊತ್ತಿಗೆ ಚೈತ್ರ ಉಜ್ಜುವುದನ್ನು ನಿಲ್ಲಿಸಿದ್ದಳು. ಎಷ್ಟು ಮನೆ ಉಳಿದಿವೆ ಎಂದು ಬೋರಮ್ಮ ಕೇಳಿದಳು. ಮೊದಲು ಹದಿನಾಲ್ಕು ಇದ್ದವು, ಈ ಹತ್ತು ದಿನ ಕೊಡದೆ ಇದ್ದದ್ದಕ್ಕೆ ಈಗ ಒಂಬತ್ತು ಎಂದಳು ಚೈತ್ರ. ಐದು ಮನೆ ತನ್ನ ಸಿಟ್ಟಿಗೆ ಹೋದವು ಎಂದು ಓದು ಬಾರದ ಬೋರಮ್ಮನಿಗೂ ತಿಳಿಯಿತು.

"ನನಗ್ಯಾಕೆ ಹೇಳ್ಲಿಲ್ಲ?"

"ಎಂಜಲು ಅಂದ್ರು ಅಂತ ನಿಮಗೆ ಹೆಂಗೆ ಹೇಳ್ಲಿ ಅತ್ತೆ? ನೀವು ನನ್ನ ಕಳ್ಳಿ ಅಂದ್ರೆ ನಾಲ್ಕು ದಿನ ಅಳ್ತೀನಿ, ಆಮೇಲೆ ಮರೀತೀನಿ. ಆ ಮಾತು ಕೇಳಿದ್ರೆ ನೀವು ಮರೀತಿರ್ಲಿಲ್ಲ."

ತಪ್ಪಾಯಿತು ಎನ್ನುವ ಮಾತು ಆ ಮನೆಯಲ್ಲಿ ಹಿರಿಯರ ಬಾಯಿಂದ ಬಂದ ಚರಿತ್ರೆ ಇರಲಿಲ್ಲ. ಬೋರಮ್ಮ ಸೊಸೆಯ ಪಕ್ಕದಲ್ಲಿ ಕೂತು, ಉಜ್ಜಿದ ಪಾತ್ರೆಗಳನ್ನು ಒಂದೊಂದಾಗಿ ತೊಳೆದಿಟ್ಟಳು.

ಬೆಳಗ್ಗೆ ತೋಟದಲ್ಲಿ ಮಾಸ್ಕು ಹಾಕಿಕೊಂಡೇ ಕಟ್ಟಲು ಕೂತಳು. ಎರಡು ಸಲ ನಾರಿನ ತುದಿ ಅಭ್ಯಾಸಬಲದಿಂದ ಬಾಯಿಗೆ ಹೋಗಿ ಬಟ್ಟೆಗೆ ತಗುಲಿತು. ಕಾಲ್ಬೆರಳಿನಲ್ಲಿ ಹಿಡಿದು ನೋಡಿದಳು, ಸೊಪ್ಪಿಗೆ ಕಾಲು ತಾಗಿಸಬಾರದೆಂದು ಬಿಟ್ಟಳು. ಕಟ್ಟು ಸಡಿಲವಾಗಿ ಬಿದ್ದುಹೋಯಿತು. ಬದುವಿನ ಮೇಲೆ ರಬ್ಬರ್ ಬ್ಯಾಂಡಿನ ಪೊಟ್ಟಣ ಹಿಡಿದು ನಿಂತಿದ್ದ ಚೈತ್ರಳನ್ನು ಕರೆದಳು.

"ಬಾ ಇಲ್ಲಿ. ಈ ತುದಿ ಹಿಡ್ಕೊ."

"ರಬ್ಬರ್ ಬ್ಯಾಂಡ್ ಇದೆಯಲ್ಲ ಅತ್ತೆ."

"ಅದು ಯಾರ ಮನೆ ಕಟ್ಟಿಗೆ ಬೇಕಾದ್ರೂ ಕೂರುತ್ತೆ. ಗಟ್ಟಿಯಾಗಿ ಹಿಡ್ಕೊ. ದಾರೀಲಿ ಬಿಚ್ಕೊಳ್ತು ಅಂತ ಇನ್ನೊಂದ್ಸಲ ಅಂದ್ರೆ ನೋಡು."

ಚೈತ್ರ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ತುದಿಯನ್ನು ಹೆಬ್ಬೆರಳಿಗೆ ಸುತ್ತಿಕೊಂಡಳು. ಬೋರಮ್ಮ ಸುತ್ತಿದಳು, ತೂರಿಸಿದಳು, ಎಳೆದಳು. ನಾಲ್ಕನೆಯ ಕಟ್ಟಿಗೆ ಇಬ್ಬರ ಕೈಯೂ ಹೊಂದಿಕೊಂಡವು. ಬೋರಮ್ಮ ದಿವ್ಯಳನ್ನು ಕೂಗಿ, ಅಮ್ಮನ ಫೋನು ತೊಗೊಂಡು ಬಾ, ಮುಖ ಬೇಡ, ನಾಲ್ಕು ಕೈ ಮಾತ್ರ ಕಾಣುವ ಹಾಗೆ ತೆಗಿ ಎಂದಳು.

ಆ ದಿನ ಆಟೋಗೆ ಏರಿಸುವಾಗ ಚೈತ್ರ ಒಂಬತ್ತು ಮನೆಯದನ್ನು ಬೇರೆ ಮಾಡಿ ಇಡಲು ಹೋದಳು. ಬೋರಮ್ಮ ಬಿಡಲಿಲ್ಲ, ಇಪ್ಪತ್ತೆರಡು ಮನೆಯದನ್ನೂ ಏರಿಸಿದಳು, ಎಲ್ಲಕ್ಕೂ ಕೊಸರು ಹಾಕಿದಳು. ಹದಿಮೂರು ಮನೆಯ ಸೊಪ್ಪು ಬಾಡಿಕೊಂಡು ಮಧ್ಯಾಹ್ನ ವಾಪಸು ಬಂತು. ರಾತ್ರಿ ಮತ್ತೆ ಬಸ್ಸಾರಾಯಿತು. ದೊಡ್ಡಹನುಮಯ್ಯ ತಟ್ಟೆ ನೋಡಿ, ಇಷ್ಟು ಸೊಪ್ಪು ಎಲ್ಲಿಂದ ಬರುತ್ತದೆ ಎಂದು ಗೊಣಗಿದ. ಮಿಕ್ಕಿದ್ದು, ಸುಮ್ನೆ ಉಣ್ಣಿ ಎಂದು ಬೋರಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.